ಕಾಂಪೌಂಡಿನ ಒಳಗೆ, ಕಾಂಪೌಂಡಿನ ಆಚೆ

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮನ ಮಗಳು ಈಗ ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯದ ಹೆಸರು ಮೌಂಟ್ ಸೇಂಟ್ ವಿನ್ಸೆಂಟ್. ಕ್ರೈಸ್ತ ಸನ್ಯಾಸಿನಿಯರು 1873ರಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ಆ ಸಂಸ್ಥೆ 1925ರಲ್ಲಿ ಪದವಿ ನೀಡುವ ಅಧಿಕಾರವನ್ನು ಪಡೆಯಿತು. 1967ರಿಂದ ಅಲ್ಲಿ ಗಂಡುಮಕ್ಕಳಿಗೂ ಪ್ರವೇಶವುಂಟು. ಆದರೂ ಇಂದಿಗೂ ವಿದ್ಯಾರ್ಥಿನಿಯರೇ ಹೆಚ್ಚು, ಅವರ ಓದು ಮತ್ತು ಬದುಕಿನ ಪ್ರಶ್ನೆಗಳಿಗೇ ಮೊದಲ ಮಣೆ. ಅದೇ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ 1919ರಲ್ಲಿ ಹುಟ್ಟಿದ ಬ್ರೆಷಿಯಾ ಎಂಬ ಮಹಿಳಾ ಕಾಲೇಜು ನೂರು ವರ್ಷ ದಾಟಿ, 2024ರಲ್ಲಿ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಲೀನವಾಯಿತು. ಆ ಸುದ್ದಿಯನ್ನು ದೂರವಾಣಿಯಲ್ಲಿ ತಿಳಿಸುತ್ತ ಹುಡುಗಿ ಕೇಳಿದಳು: "ಅತ್ತೆ, ನಿಮ್ಮ ಸೇಲಂನಲ್ಲಿ ಈಗಲೂ ಹೆಣ್ಣುಮಕ್ಕಳಿಗೆಂದೇ ಬೇರೆ ಕಾಲೇಜುಗಳಿವೆಯಲ್ಲ, ಇನ್ನೂ ಅವು ಯಾಕೆ ಬೇಕು?"

ಪ್ರಶ್ನೆ ಚಿಕ್ಕದು. ದೂರವಾಣಿಯಲ್ಲಿ ಮುಗಿಸಬಹುದಾದ ಉತ್ತರ ಅದಕ್ಕಿಲ್ಲ. ಸೇಲಂನ ಒಂದು ಮಹಿಳಾ ಕಾಲೇಜಿನಲ್ಲಿ ಓದಿ, ಇನ್ನೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಇತಿಹಾಸ ಬೋಧಿಸಿ ನಿವೃತ್ತಳಾದ ನನಗೆ ಆ ಪ್ರಶ್ನೆಯ ಋಣ ತೀರಿಸಬೇಕೆನಿಸಿತು. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಇದಕ್ಕಿಂತ ತಕ್ಕ ವಿಷಯ ಹೊಳೆಯಲಿಲ್ಲ. ನಮ್ಮ ಸಂಘದ ಮನೆಮನೆಗಳಲ್ಲಿಯೂ ಕಾಲೇಜಿಗೆ ಹೋದ, ಹೋಗುತ್ತಿರುವ, ಹೋಗಲಾಗದೆ ಉಳಿದ ಹೆಣ್ಣುಮಕ್ಕಳಿದ್ದಾರೆ.

ದೂರದ ಊರುಗಳ ಸದಸ್ಯರಿಗಾಗಿ ಈ ಸೀಮೆಯ ಬಗ್ಗೆ ಎರಡು ಮಾತು. ಇಂದಿನ ಧರ್ಮಪುರಿಗೆ ಹಿಂದಿನ ಹೆಸರು ತಗಡೂರು. ಅಲ್ಲಿನ ಅರಸ ಅಧಿಯಮಾನ್, ತಿಂದವರ ಆಯುಷ್ಯ ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿ ಕೈಗೆ ಬಂದಾಗ ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನೆಂಬ ಕಥೆಯನ್ನು ತಮಿಳು ಮಕ್ಕಳೆಲ್ಲ ಬಾಲ್ಯದಲ್ಲೇ ಕೇಳಿರುತ್ತಾರೆ. ಮುಂದೆ ನೊಳಂಬರು ಆಳಿದಾಗ ಇದೇ ನೆಲದಲ್ಲಿ ಕನ್ನಡ ಶಾಸನಗಳು ಎದ್ದು ನಿಂತವು. ಕಾವೇರಿ ಧುಮುಕುವ ಹೊಗೇನಕಲ್ಲಿನ ಹೆಸರಿನಲ್ಲಿ ನಮ್ಮ ಹೊಗೆಯೂ ಇದೆ, ಕಲ್ಲೂ ಇದೆ. ಆಡಳಿತದ ಲೆಕ್ಕದಲ್ಲಿ ಇದೆಲ್ಲ ಬಹುಕಾಲ ಒಂದೇ ಸೇಲಂ ಜಿಲ್ಲೆಯಾಗಿತ್ತು; 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ತಳಿ, ಡೆಂಕಣಿಕೋಟೆಗಳ ಒಕ್ಕಲು ಮನೆಗಳಲ್ಲಿ, ಸೇಲಂ ಪಟ್ಟಣದ ದೇವಾಂಗ ನೇಕಾರರ ಬೀದಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಆದರೆ ಬೀದಿಗೆ ಇಳಿದೊಡನೆ ತಮಿಳು, ಸಂತೆಗೆ ಹೋದರೆ ತೆಲುಗು, ಅರ್ಜಿ ಬರೆಯಲು ಇಂಗ್ಲಿಷು. ಹೀಗೆ ನಾಲ್ಕು ನುಡಿಗಳ ನಡುವೆ ಬೆಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಬಹುಕಾಲ ಒಂದು ನುಡಿಯಲ್ಲಿಯೂ ಓದು ದಕ್ಕಲಿಲ್ಲ ಎಂಬುದೇ ವಿಪರ್ಯಾಸ.

ನಾನು ನೇಕಾರರ ಮನೆಯ ಮಗಳು. ನಮ್ಮ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಮಗ್ಗದ ಮೇಲೆ ಕೂರುವವರು ಗಂಡಸರು. ಲಡಿಯಿಂದ ನೂಲು ಬಿಚ್ಚಿ, ರಾಟೆ ತಿರುಗಿಸಿ, ಕಂಡಿಕೆ ಸುತ್ತುವವರು ಹೆಂಗಸರು ಮತ್ತು ಮಕ್ಕಳು. ಕಂಡಿಕೆಯಿಲ್ಲದೆ ಲಾಳಿ ಓಡದು, ಲಾಳಿ ಓಡದೆ ಬಟ್ಟೆಯಿಲ್ಲ. ಆದರೆ ಕೂಲಿಯ ದುಡ್ಡು ಬರುತ್ತಿದ್ದುದು ನೇಯ್ದವರ ಹೆಸರಿಗೆ. ಕಂಡಿಕೆ ಸುತ್ತಿದ ಕೈಗೆ ಲೆಕ್ಕವೇ ಇರಲಿಲ್ಲ. ಹೀಗಿರುವಾಗ ಹೆಣ್ಣುಮಗಳೊಬ್ಬಳು ಕಾಲೇಜಿಗೆ ಹೋಗುತ್ತೇನೆಂದರೆ, ಅದು ಶುಲ್ಕದ ಖರ್ಚಷ್ಟೇ ಆಗಿರಲಿಲ್ಲ. ಮನೆಗೆ ಪುಕ್ಕಟೆಯಾಗಿ ಸಿಗುತ್ತಿದ್ದ ಎರಡು ಕೈಗಳ ನಷ್ಟವೂ ಆಗಿತ್ತು. "ಇವಳನ್ನ ಓದೋಕೆ ಕಳಿಸಿದ್ರೆ ಕಂಡಿಕೆ ಯಾರು ಸುತ್ತೋದು?" ಎಂದು ಅಪ್ಪ ಕೇಳಿದ್ದು ಕ್ರೌರ್ಯದಿಂದಲ್ಲ. ಅದು ಮನೆಯ ಗಣಿತ. ದೊಡ್ಡಬಳ್ಳಾಪುರದ ಕಡೆಯಿಂದ ಬಂದ ನನ್ನ ತಾಯಿ ಅಷ್ಟಿಷ್ಟು ಕನ್ನಡ ಓದು ಬರಹ ಬಲ್ಲವಳು. ನನಗೆ ಕನ್ನಡ ಅಕ್ಷರ ಕಲಿಸಿದವಳೂ ಅವಳೇ. "ಬೆಳಗ್ಗೆ ನಾಲ್ಕಕ್ಕೆದ್ದು ನಾನೇ ಸುತ್ತುತೀನಿ" ಎಂದು ಅವಳು ಆ ಗಣಿತವನ್ನು ತಾನೇ ಸರಿದೂಗಿಸಿದಳು.

ತಮಿಳುನಾಡಿನಲ್ಲಿ ಪಿ.ಯು.ಸಿ. ಹೋಗಿ ಪ್ಲಸ್ ಟೂ ಬಂದ ಹೊಸತು ಅದು. 1980ರಲ್ಲಿ ಪ್ಲಸ್ ಟೂ ಮುಗಿಸಿದ ಮೊದಲ ತಂಡದಲ್ಲಿ ನಾನಿದ್ದೆ. ಕಾಲೇಜಿನ ಮಾತು ಬಂದಾಗ ಅಪ್ಪ ಕೇಳಿದ ಎರಡನೆಯ ಪ್ರಶ್ನೆ, "ಅಲ್ಲಿ ಗಂಡುಹುಡುಗರು ಇರ್ತಾರಾ?" ಎಂಬುದು. ಇಲ್ಲವೆಂಬ ಉತ್ತರ ಬಂದ ಮೇಲೆಯೇ ಅರ್ಜಿಯ ಮೇಲೆ ಅವರ ರುಜು ಬಿತ್ತು. ಫೇರ್‌ಲ್ಯಾಂಡ್ಸ್ ಬಡಾವಣೆಯಲ್ಲಿ 1961ರಲ್ಲಿ ಆರಂಭವಾದ ಶ್ರೀ ಶಾರದಾ ಮಹಿಳಾ ಕಾಲೇಜು, ಅನಂತರ ಬಂದ ಸರ್ಕಾರಿ ಮಹಿಳಾ ಕಲಾ ಕಾಲೇಜು ಇವೆಲ್ಲ ಈ ಸೀಮೆಯಲ್ಲಿ ಮಾಡಿದ ಕೆಲಸವನ್ನು ಅರಿಯಬೇಕಾದರೆ ಆ ರುಜುವಿನ ಬೆಲೆಯನ್ನು ಅರಿಯಬೇಕು. ಸಹಶಿಕ್ಷಣದ ಕಾಲೇಜು ಎಷ್ಟೇ ಹತ್ತಿರವಿರಲಿ, ಸಾವಿರಾರು ತಂದೆಯರು ರುಜು ಹಾಕುತ್ತಿರಲಿಲ್ಲ. ಪುಣೆಯ ಕರ್ವೆಯವರು 1916ರಲ್ಲಿ ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಕಟ್ಟಿದಾಗ, ಕರ್ನಾಟಕ ಸರ್ಕಾರ 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ತೆರೆದಾಗ, ಅವರೆದುರಿಗಿದ್ದುದೂ ಇಂಥ ತಂದೆಯರೇ. ವಿಜಯಪುರದ ಆ ವಿಶ್ವವಿದ್ಯಾಲಯಕ್ಕೆ ಮುಂದೆ ಅಕ್ಕಮಹಾದೇವಿಯ ಹೆಸರಿಟ್ಟರು. ಮನೆಯ ಹೊಸಿಲನ್ನು ತನ್ನ ಇಚ್ಛೆಯಿಂದಲೇ ದಾಟಿದವಳ ಹೆಸರನ್ನು, ಹೊಸಿಲು ದಾಟಲು ಅಪ್ಪನ ಅಪ್ಪಣೆ ಬೇಕಾದ ಮಕ್ಕಳ ವಿದ್ಯಾಲಯಕ್ಕೆ ಇಟ್ಟಿದ್ದಾರಲ್ಲ ಎಂದು ನಾನು ಆಗಾಗ ಬೆರಗಾಗುತ್ತೇನೆ.

ಕಾಲೇಜಿನ ಎತ್ತರದ ಕಾಂಪೌಂಡನ್ನು ನೋಡಿ ಹೊರಗಿನವರು ಸೆರೆಮನೆಯೆಂದು ಹಾಸ್ಯ ಮಾಡುತ್ತಿದ್ದರು. ಒಳಗಿನ ಕಥೆ ಬೇರೆ. ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ಜೋರಾಗಿ ನಕ್ಕರೆ ಅಜ್ಜಿಯರು ಗದರುತ್ತಿದ್ದರು; ಇಲ್ಲಿ ಬೇವಿನ ಮರದ ಕೆಳಗೆ ನಲವತ್ತು ಜನ ಒಟ್ಟಿಗೆ ನಕ್ಕರೂ ಕೇಳುವವರಿಲ್ಲ. ಸಮಾರಂಭವಿದ್ದರೆ ಬೆಂಚು ಹೊರುವವರು, ಮೈಕು ಕಟ್ಟುವವರು, ಜಮಾಖರ್ಚು ಬರೆಯುವವರು, ಅಧ್ಯಕ್ಷತೆ ವಹಿಸುವವರು ಎಲ್ಲರೂ ನಾವೇ. ನಾಟಕದಲ್ಲಿ ರಾಜನೂ ನಾವೇ, ದೂತನೂ ನಾವೇ. "ಇದು ಗಂಡಸರ ಕೆಲಸ" ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ, ಏಕೆಂದರೆ ಮಾಡಲು ಗಂಡಸರೇ ಇರಲಿಲ್ಲ. ಆಟದ ಮೈದಾನದಲ್ಲಿ ಓಡಿದ ಮೊದಲ ದಿನ ನನ್ನ ಕಾಲುಗಳಿಗೆ ಅಷ್ಟು ಬಲವಿದೆಯೆಂದು ನನಗೇ ತಿಳಿದಿರಲಿಲ್ಲ. ಗ್ರಂಥಾಲಯದ ಉದ್ದನೆಯ ಮೇಜಿನ ಮುಂದೆ ಕುಳಿತಾಗ, ಕಂಡಿಕೆ ಸುತ್ತಿ ಗೆರೆಬಿದ್ದ ಬೆರಳುಗಳು ಪುಟ ತಿರುವುವುದನ್ನು ನಾನೇ ನೋಡುತ್ತಿದ್ದೆ. ಬಡತನದ ಮನೆಯ ಹುಡುಗಿಗೆ ಒಂಟಿಯಾಗಿ ಕೂರಲು ಒಂದು ಕುರ್ಚಿ ಸಿಗುವುದು ಎಂಥ ಐಶ್ವರ್ಯವೆಂದು ಈಗಿನ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ.

ಹಾಗೆಂದು ಕಾಂಪೌಂಡಿನ ಒಳಗೆ ಎಲ್ಲವೂ ನಂದನವನವಾಗಿರಲಿಲ್ಲ. ಊರಿನಲ್ಲಿದ್ದ ಭೇದಗಳು ಗೇಟಿನ ಬಳಿ ಚಪ್ಪಲಿ ಬಿಟ್ಟಂತೆ ಬಿಟ್ಟು ಬರುವಂಥವಲ್ಲ. ಊಟದ ಮನೆಯಲ್ಲಿ ಯಾರ ಪಕ್ಕ ಯಾರು ತಟ್ಟೆ ಇಡುತ್ತಾರೆಂಬುದನ್ನು ನೋಡಿದರೆ ಅವರವರ ಜಾತಿಯನ್ನು ಕೇಳಬೇಕಾಗಿರಲಿಲ್ಲ. ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಮಕ್ಕಳಿಗೆ ಬಂದ ಕಾಗದಗಳನ್ನು ವಾರ್ಡನ್ ಒಡೆದು ಓದಿಯೇ ಕೊಡುತ್ತಿದ್ದರು. ನನ್ನ ತಾಯಿ ಕನ್ನಡದಲ್ಲಿ ಬರೆದ ಕಾಗದ ಅವರಿಗೆ ಓದಲು ಬರುತ್ತಿರಲಿಲ್ಲವಾಗಿ, ಅದನ್ನು ನಾನೇ ಅವರೆದುರು ನಿಂತು ತಮಿಳಿನಲ್ಲಿ ಹೇಳಬೇಕಾಗಿತ್ತು. ಮನೆಯ ಕಷ್ಟಸುಖಗಳನ್ನು ಹೀಗೆ ಪರರ ಮುಂದೆ ಅನುವಾದಿಸಿದ ಅವಮಾನ ಈ ವಯಸ್ಸಿನಲ್ಲೂ ಮಾಸಿಲ್ಲ. ರಕ್ಷಣೆಯೆಂಬ ಹೆಸರಿನಲ್ಲಿ ನಡೆಯುವುದೆಲ್ಲ ರಕ್ಷಣೆಯಾಗದು ಎಂಬ ಪಾಠವನ್ನು ನಾನು ಕಲಿತದ್ದು ತರಗತಿಯ ಹೊರಗೆ.

ಅಧ್ಯಾಪಕಿಯಾದ ಮೇಲೆ ನನಗೆ ಹೆಚ್ಚು ಕಲಿಸಿದ ಪುಸ್ತಕವೆಂದರೆ ಹಾಜರಿ ಪುಸ್ತಕ. ಹೆಸರು ಕೂಗುವಾಗ ಯಾರು ಬಂದಿಲ್ಲ ಎಂಬುದು ಮೊದಲು ಕಾಣುತ್ತದೆ. ಬಹಳ ವರ್ಷಗಳಾದ ಮೇಲೆ, ಆ ಪುಸ್ತಕದಲ್ಲಿ ಹೆಸರೇ ಬರದವರು ಎಷ್ಟು ಜನ ಎಂಬ ಪ್ರಶ್ನೆ ನನ್ನನ್ನು ಹಿಡಿಯಿತು. ನಮ್ಮ ಸೇಲಂ ಮತ್ತು ಧರ್ಮಪುರಿಗಳಿಗೆ ಹೆಣ್ಣುಶಿಶುಗಳ ವಿಷಯದಲ್ಲಿ ಒಂದು ಕೆಟ್ಟ ಹೆಸರಿತ್ತು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಹೆಣ್ಣು ಕೂಸು ಹುಟ್ಟಿದರೆ ಕೊಲ್ಲುವ, ಕೊಲ್ಲಲಾಗದಿದ್ದರೆ ಹಾಲೂಡದೆ ಬಿಡುವ ಪಾಪ ಇಲ್ಲಿನ ಕೆಲವು ಹಳ್ಳಿಗಳಲ್ಲಿ ನಡೆಯುತ್ತಿತ್ತು. ಬೇಡವಾದ ಕೂಸನ್ನು ಕೊಲ್ಲದೆ ಸರ್ಕಾರದ ತೊಟ್ಟಿಲಿಗೆ ಒಪ್ಪಿಸಿ ಎಂಬ 'ತೊಟ್ಟಿಲು ಮಗು' ಯೋಜನೆಯನ್ನು ತಮಿಳುನಾಡು ಸರ್ಕಾರ 1992ರಲ್ಲಿ ಮೊದಲು ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲಿಯೇ. 2001ರಲ್ಲಿ ಅದು ಧರ್ಮಪುರಿಗೂ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಆ ವರ್ಷದ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಸೇಲಂನಲ್ಲಿ 851, ಆಗ ಕೃಷ್ಣಗಿರಿಯೂ ಸೇರಿದ್ದ ಧರ್ಮಪುರಿಯಲ್ಲಿ 869 ಹೆಣ್ಣುಮಕ್ಕಳಿದ್ದರು.

ಅಂಕಿಗಳನ್ನು ಓದಿ ಮರೆಯುವುದು ಸುಲಭ. ಆದರೆ ಆ ಗಣತಿಯ ಕೂಸುಗಳು ಬೆಳೆದು ಸುಮಾರು 2012ರಿಂದ 2019ರವರೆಗೆ ಕಾಲೇಜಿಗೆ ಬಂದು ನನ್ನೆದುರು ಕುಳಿತರು. ಪ್ರತಿ ಜೂನ್ ತಿಂಗಳಲ್ಲಿ ಹೊಸ ತರಗತಿಯನ್ನು ನೋಡಿದಾಗ ನನ್ನ ಮನಸ್ಸು ಒಂದು ಕಳೆಯುವ ಲೆಕ್ಕ ಮಾಡುತ್ತಿತ್ತು. ಇವರು ಬದುಕಿಸಿಕೊಂಡವರು, ಬೆಂಚಿನ ತುದಿಯಲ್ಲಿ ಕೂರಬೇಕಾಗಿದ್ದ ಇನ್ನೂ ಕೆಲವರು ಬರಲೇ ಇಲ್ಲ. ಒಮ್ಮೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಹಳ್ಳಿಯೊಂದಕ್ಕೆ ಹೋಗಿದ್ದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ತಾನಾಗಿ ಹೇಳಿದಳು: "ಮೇಡಂ, ನಾನು ನಮ್ಮನೆಗೆ ಮೂರನೆಯವಳು. ಮಧ್ಯದವಳು ಉಳಿಯಲಿಲ್ಲ. ಏಕೆಂದು ಯಾರೂ ಹೇಳುವುದಿಲ್ಲ, ನಾನೂ ಕೇಳಿಲ್ಲ." ಅವಳು ಪದವಿ ಮುಗಿಸಿ ಶಾಲಾ ಶಿಕ್ಷಕಿಯಾದಳು. ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತಂದಾಗ ಆ ತಾಯಿ ಅತ್ತಳಂತೆ. ಯಾವ ಮಗಳಿಗಾಗಿ ಅತ್ತಳೋ ಎಂದು ನಾನು ಕೇಳಲಿಲ್ಲ.

ಮುಂದಿನ ಜನಗಣತಿ 2011ರಲ್ಲಿ ಬಂದಾಗ ಎರಡೂ ಜಿಲ್ಲೆಗಳ ಈ ಸಂಖ್ಯೆ ಒಂಬೈನೂರನ್ನು ದಾಟಿತ್ತು. ತೊಟ್ಟಿಲಿನಿಂದ ಕೆಲವು ಜೀವಗಳು ಉಳಿದವು, ಕಾನೂನಿನ ಭಯದಿಂದ ಕೆಲವು. ಆದರೆ ಹೆಣ್ಣು ಮನೆಗೆ ಹೊರೆಯೆಂಬ ಲೆಕ್ಕವನ್ನು ಬುಡದಲ್ಲಿ ಅಲುಗಾಡಿಸಿದ್ದು ಓದಿ ದುಡಿದು ಮನೆ ನಡೆಸಿದ ಹೆಣ್ಣುಮಕ್ಕಳೆಂದು ನನ್ನ ನಂಬಿಕೆ. ಹಳ್ಳಿಯಲ್ಲಿ ಒಬ್ಬಳು ದಾದಿಯಾದರೆ, ಇನ್ನೊಬ್ಬಳು ಬ್ಯಾಂಕಿನ ಗುಮಾಸ್ತೆಯಾದರೆ, ಆ ಬೀದಿಯಲ್ಲಿ ಹುಟ್ಟುವ ಮುಂದಿನ ಹೆಣ್ಣುಕೂಸನ್ನು ನೋಡುವ ಕಣ್ಣು ಬೇರೆಯಾಗುತ್ತದೆ. ಮಹಿಳಾ ಕಾಲೇಜುಗಳ ನಿಜವಾದ ಫಲಿತಾಂಶ ಪಟ್ಟಿ ಇದು. ಯಾವ ವಿಶ್ವವಿದ್ಯಾಲಯವೂ ಅದನ್ನು ಪ್ರಕಟಿಸುವುದಿಲ್ಲ.

ಇನ್ನು ಕಾಂಪೌಂಡಿನ ಆಚೆಯ ಮಾತು. 2000ದ ಫೆಬ್ರುವರಿ 2ರಂದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಅಧ್ಯಯನ ಪ್ರವಾಸದಲ್ಲಿದ್ದರು. ಅಂದು ನ್ಯಾಯಾಲಯದ ತೀರ್ಪೊಂದರಿಂದ ಕೆರಳಿದ ರಾಜಕೀಯ ಪಕ್ಷವೊಂದರ ಕಾರ್ಯಕರ್ತರು ಧರ್ಮಪುರಿಯ ಇಲಕ್ಕಿಯಂಪಟ್ಟಿಯಲ್ಲಿ ಅವರ ಬಸ್ಸಿಗೆ ಬೆಂಕಿ ಇಟ್ಟರು. ಮೂವರು ಹೆಣ್ಣುಮಕ್ಕಳು ಜೀವಂತವಾಗಿ ಸುಟ್ಟುಹೋದರು, ಅನೇಕರು ಗಾಯಗೊಂಡರು. ಆ ಮಕ್ಕಳಿಗೂ ಆ ತೀರ್ಪಿಗೂ ಯಾವ ಸಂಬಂಧವೂ ಇರಲಿಲ್ಲ, ಹಾದಿಯಲ್ಲಿದ್ದರು, ಅಷ್ಟೆ. ಮರುದಿನ ನಮ್ಮ ಕಾಲೇಜಿನಲ್ಲಿ ಪಾಠ ನಡೆಯಲಿಲ್ಲ. ಅದಾದ ಮೇಲೆ ಒಂದೆರಡು ವರ್ಷ ನಮ್ಮಲ್ಲಿ ಪ್ರವಾಸವೆಂಬ ಮಾತನ್ನೇ ಯಾರೂ ಎತ್ತಲಿಲ್ಲ. ಇತಿಹಾಸದ ವಿದ್ಯಾರ್ಥಿನಿಯರು ಹಂಪೆಯನ್ನೂ ತಂಜಾವೂರನ್ನೂ ಚಿತ್ರದಲ್ಲಿಯೇ ನೋಡಿ ಪರೀಕ್ಷೆ ಬರೆದರು. ಬೆಂಕಿ ಇಟ್ಟವರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು ವರ್ಷಗಳಾದ ಮೇಲೆ. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕೂರುವ ಶಿಕ್ಷೆ ಮಾತ್ರ ಮರುದಿನವೇ ಜಾರಿಗೆ ಬಂತು.

ಕೆನಡಾದಲ್ಲಿಯೂ ಇಂಥ ಒಂದು ಕರಾಳ ದಿನವಿದೆ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್ ನಗರದ ಎಂಜಿನಿಯರಿಂಗ್ ಕಾಲೇಜಿಗೆ ಬಂದೂಕು ಹಿಡಿದು ನುಗ್ಗಿದವನೊಬ್ಬ, ಹೆಂಗಸರು ಈ ವಿದ್ಯೆ ಕಲಿಯುತ್ತಿರುವುದೇ ಅಪರಾಧವೆಂಬಂತೆ, ಹದಿನಾಲ್ಕು ಮಂದಿ ಹೆಣ್ಣುಮಕ್ಕಳನ್ನು ಕೊಂದನು. ಆ ದಿನವನ್ನು ಅವರು ರಾಷ್ಟ್ರೀಯ ಸ್ಮರಣೆಯ ದಿನವನ್ನಾಗಿ ಆಚರಿಸುತ್ತಾರೆ. ಗಂಡಸರು ಬಿಳಿಯ ರಿಬ್ಬನ್ ಧರಿಸಿ, ಹೆಣ್ಣಿನ ಮೇಲಿನ ಹಿಂಸೆಯನ್ನು ಮಾಡುವುದಿಲ್ಲ, ಕಂಡು ಸುಮ್ಮನಿರುವುದಿಲ್ಲ ಎಂದು ಪ್ರತಿಜ್ಞೆ ಮಾಡುವ ಚಳವಳಿ 1991ರಲ್ಲಿ ಅಲ್ಲಿ ಹುಟ್ಟಿತು. ಬಂದೂಕಿನ ಕಾನೂನು 1995ರಲ್ಲಿ ಬಿಗಿಯಾಯಿತು. ಹಿಂಸೆಗೆ ದೇಶಭಾಷೆಗಳ ಗಡಿಯಿಲ್ಲ. ಆದರೆ ಹಿಂಸೆಯಾದ ಮೇಲೆ ಊರು ಯಾರನ್ನು ತಿದ್ದಲು ಹೊರಡುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ನಾವು ಬಹುಮಟ್ಟಿಗೆ ಹೆಣ್ಣುಮಕ್ಕಳನ್ನೇ ತಿದ್ದಲು ಹೊರಡುತ್ತೇವೆ: ಬೇಗ ಮನೆಗೆ ಬಾ, ತಲೆ ತಗ್ಗಿಸಿ ನಡೆ, ಹಟ ಮಾಡಿದರೆ ಓದು ಸಾಕು.

ಈ "ಓದು ಸಾಕು" ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಮದುವೆಯ ಭಯ. 2012ರ ನವೆಂಬರಿನಲ್ಲಿ ಧರ್ಮಪುರಿಯ ಬಳಿ ಜಾತಿ ಮೀರಿ ನಡೆದ ಒಂದು ಮದುವೆಯನ್ನು ನೆವ ಮಾಡಿಕೊಂಡು ಮೂರು ದಲಿತ ಕೇರಿಗಳನ್ನು ಸುಟ್ಟರು. ಆ ಹುಡುಗಿ ದಾದಿಯರ ಶಿಕ್ಷಣ ಪಡೆಯುತ್ತಿದ್ದವಳು. ಮನೆಮಾರು ಕಳೆದುಕೊಂಡವರ ದುಃಖ ಎಲ್ಲಕ್ಕಿಂತ ದೊಡ್ಡದು. ಅದರ ಜೊತೆಗೆ ಇನ್ನೊಂದು ಹಾನಿಯೂ ಸದ್ದಿಲ್ಲದೆ ನಡೆಯಿತು. "ಕಾಲೇಜಿಗೆ ಕಳಿಸಿದ್ದರಿಂದಲೇ ಹೀಗಾಯಿತು" ಎಂಬ ಮಾತು ಊರೂರಿನ ಟೀ ಅಂಗಡಿಗಳಲ್ಲಿ ಓಡಾಡಿತು. ಪೊಂಗಲ್ ರಜೆ ಮುಗಿದು ತರಗತಿಗಳು ತೆರೆದಾಗ ನನ್ನ ಹಾಜರಿ ಪುಸ್ತಕದಲ್ಲಿ ಐದು ಹೆಸರುಗಳ ಮುಂದೆ ಗೈರುಹಾಜರಿ ಗುರುತು ಸಾಲಾಗಿ ಬೀಳತೊಡಗಿತು. ಒಬ್ಬೊಬ್ಬರ ಮನೆಗೂ ಕಾಗದ ಬರೆದೆ, ಇಬ್ಬರ ಮನೆಗೆ ಹೋಗಿ ಬಂದೆ. ಇಬ್ಬರು ಮರಳಿ ಬಂದರು. ಮೂವರಿಗೆ ಸೋದರಮಾವನೋ ಸೋದರತ್ತೆಯ ಮಗನೋ ಗೊತ್ತಾಗಿದ್ದ.

ಬೇರೆ ಜನರನ್ನು ಬೊಟ್ಟು ಮಾಡಿ ತೋರಿಸುವ ಮೊದಲು ನಮ್ಮ ಕನ್ನಡ ಮನೆಗಳನ್ನೂ ನೋಡಿಕೊಳ್ಳೋಣ. ಅಕ್ಕನ ಮಗಳನ್ನು ತಮ್ಮನಿಗೆ ತರುವ ರೂಢಿ ನಮ್ಮಲ್ಲಿಯೂ ಇದೆ. "ಡಿಗ್ರಿ ಇದ್ದರೆ ಒಳ್ಳೆಯ ಕಡೆಯ ವರ ಸಿಗುತ್ತಾನೆ" ಎಂದು ಓದಿಸುವ ಮನೆಗಳು ನಮ್ಮಲ್ಲಿಯೂ ಇವೆ. ಅಂಥ ಕಡೆ ಪದವಿ ಪತ್ರವೆಂಬುದು ಮದುವೆಗೆ ಕೊಡುವ ಬೆಳ್ಳಿ ತಟ್ಟೆ, ಹಿತ್ತಾಳೆ ಕೊಡಗಳ ಸಾಲಿಗೆ ಸೇರಿದ ಇನ್ನೊಂದು ವಸ್ತು. ತಮಿಳುನಾಡು ಸರ್ಕಾರ 1989ರಲ್ಲಿ, ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಹಕ್ಕನ್ನು ಕೊಟ್ಟವು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂತು. ನಮ್ಮ ಮನೆಗಳಲ್ಲಿ ಅದನ್ನು ಕೇಳದೆ ಕೊಟ್ಟವರೆಷ್ಟು? ತವರಿನ ಬಾಗಿಲು ತೆರೆದಿರಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿದ ಪದವೀಧರೆಯರೆಷ್ಟು? ಅಪ್ಪನ ರುಜುವಿನಿಂದ ಕಾಲೇಜಿಗೆ ಹೋದ ಮಗಳು ಕೊನೆಗೆ ತನ್ನ ರುಜುವನ್ನು ಹಾಕುವುದು ಅಲ್ಲಿ ಎಂದಾದರೆ ನಾವು ಕಲಿಸಿದ್ದೇನು ಎಂಬ ಪ್ರಶ್ನೆ ಅಧ್ಯಾಪಕಿಯಾದ ನನ್ನನ್ನೂ ಬಿಡುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟವೂ ಉಂಟು, ಅದು ಭಾಷೆಯದು. ತಳಿ, ಡೆಂಕಣಿಕೋಟೆಯ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗಿ ಸೇಲಂಗೆ ಬಂದರೆ ತಮಿಳಿನ ಅಕ್ಷರ ತಡಕಾಡುತ್ತದೆ, ಇಂಗ್ಲಿಷ್ ಬೆದರಿಸುತ್ತದೆ. ತಮಿಳುನಾಡಿನಲ್ಲಿ 2006ರ ಕಾನೂನಿನಂತೆ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯವಾಯಿತು. ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇರುವ ನಾಡಿನ ನುಡಿಯನ್ನು ಕಲಿಯುವುದು ನಮ್ಮ ಮಕ್ಕಳಿಗೆ ಅನ್ನದ ದಾರಿ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ನನ್ನ ಚಿಂತೆ ಬೇರೆ. ಒಂದು ಸಲ ತಳಿಯ ಕಡೆಯ ಹುಡುಗಿಯೊಬ್ಬಳು ಮೊದಲ ವರ್ಷದ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ನಪಾಸಾದಳು. ಮನೆಯವರು ಬಂದು "ಇವಳಿಗೆ ಬುದ್ಧಿ ಸಾಲದು, ಕರೆದುಕೊಂಡು ಹೋಗುತ್ತೇವೆ" ಎಂದರು. ಪ್ರಶ್ನೆಪತ್ರಿಕೆಯನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅವಳು ಕನ್ನಡದಲ್ಲಿ ಉತ್ತರ ಹೇಳಿದಳು, ಎಲ್ಲವೂ ಸರಿ. ಅವಳ ತಂದೆ ಕೇಳುತ್ತ ನಿಂತಿದ್ದರು. ಮಗಳಿಗೆ ಬುದ್ಧಿ ಸಾಲದಿರುವುದಕ್ಕೂ ಭಾಷೆ ಸಾಲದಿರುವುದಕ್ಕೂ ಇರುವ ಅಂತರ ಅವರಿಗೆ ಅಂದು ತಿಳಿಯಿತು. ಹುಡುಗಿ ಉಳಿದಳು. ಗಂಡುಮಗ ಹೀಗೆ ನಪಾಸಾಗಿದ್ದರೆ ಟ್ಯೂಷನ್ ಹುಡುಕುತ್ತಿದ್ದರು. ಹೆಣ್ಣುಮಗಳಿಗೆ ಒಂದೇ ಅವಕಾಶ.

ಕಾಲ ಕೆಡುತ್ತಿದೆಯೆಂದು ಗೊಣಗುವುದು ನನ್ನ ಉದ್ದೇಶವಲ್ಲ. ಒಳ್ಳೆಯದನ್ನೂ ಕಂಡಿದ್ದೇನೆ. 1997ರಲ್ಲಿ ಸೇಲಂನಲ್ಲಿ ಪೆರಿಯಾರ್ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಸ್ನಾತಕೋತ್ತರ ಓದಿಗೆ ಮದರಾಸಿನ ಕಡೆ ನೋಡುವ ಅನಿವಾರ್ಯ ತಪ್ಪಿತು. 2021ರಿಂದ ಸರ್ಕಾರದ ಸಾಧಾರಣ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರವರೆಗೆ ಓದಿ ಕಾಲೇಜು ಸೇರಿದ ಹುಡುಗಿಯರಿಗೆ 2022ರ ಸೆಪ್ಟೆಂಬರ್ 5ರಿಂದ ತಿಂಗಳಿಗೆ 1000 ರೂಪಾಯಿ ನೇರವಾಗಿ ಅವರ ಖಾತೆಗೇ ಬರುತ್ತಿದೆ. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅವರ ಹೆಸರಿನ ಯೋಜನೆಯದು. ಮೊದಲು ಅದೇ ಹೆಸರಿನಲ್ಲಿ ಸರ್ಕಾರ ಹೆಣ್ಣುಮಕ್ಕಳ ಮದುವೆಗೆ ಹಣ ಕೊಡುತ್ತಿತ್ತು. ಈಗ ಓದಿಗೆ ಕೊಡುತ್ತಿದೆ. ಮದುವೆಯ ಲೆಕ್ಕದಿಂದ ಓದಿನ ಲೆಕ್ಕಕ್ಕೆ ಬಂದ ಈ ಬದಲಾವಣೆಗೆ ಕೈಮುಗಿಯಬೇಕು. ಸಾವಿರ ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಪರೀಕ್ಷೆಯ ಶುಲ್ಕಕ್ಕೋ ಒಂದು ಪುಸ್ತಕಕ್ಕೋ ಯಾರ ಮುಂದೆಯೂ ಕೈಯೊಡ್ಡದೆ ಇರಬಹುದೆಂಬ ಧೈರ್ಯ ದೊಡ್ಡದು. ಕಂಡಿಕೆ ಸುತ್ತಿಯೂ ಒಂದು ಕಾಸು ಕಾಣದ ನನ್ನ ತಾಯಿಯ ಕೈಗಳು ಆಗ ನೆನಪಾಗುತ್ತವೆ. ಇತ್ತ ಹೊಸೂರಿನ ಸುತ್ತ ಎದ್ದಿರುವ ಎಲೆಕ್ಟ್ರಾನಿಕ್ ಕಾರ್ಖಾನೆಗಳು ಸಾವಿರಾರು ಹುಡುಗಿಯರಿಗೆ ಕೆಲಸ ಕೊಟ್ಟಿವೆ. ಪ್ಲಸ್ ಟೂ ಮುಗಿಸಿದ ಬಡಮನೆಯ ಹುಡುಗಿಯ ಮುಂದೆ ಈಗ ಎರಡು ದಾರಿ: ಇಂದಿನ ಸಂಬಳ, ಇಲ್ಲವೇ ಮೂರು ವರ್ಷದ ಓದು. ಸಂಬಳವನ್ನು ಆರಿಸಿದವಳನ್ನು ಹಳಿಯಲು ನನಗೆ ಮನಸ್ಸಿಲ್ಲ; ಓದನ್ನು ಆರಿಸಲು ಬಯಸುವವಳಿಗೆ ಹಸಿವು ಅಡ್ಡ ಬರಬಾರದು.

ಹಾಗಾದರೆ ಹೆಣ್ಣುಮಕ್ಕಳಿಗೆಂದೇ ಕಾಲೇಜು ಇನ್ನೂ ಬೇಕೆ? ಬೇಕು, ಸದ್ಯಕ್ಕೆ ಬೇಕು. ಬೆಟ್ಟದ ಹಳ್ಳಿಗಳಲ್ಲಿ ಅದನ್ನು ನೋಡಿ ಮಾತ್ರ ರುಜು ಹಾಕುವ ತಂದೆಯರು ಇರುವವರೆಗೆ ಬೇಕು. ಬ್ರೆಷಿಯಾದಂತೆ ನಮ್ಮ ಕಾಲೇಜುಗಳಿಗೂ ಒಂದು ದಿನ ಈ ಕೆಲಸ ಮುಗಿಯಲಿ ಎಂದು ಹಾರೈಸುತ್ತೇನೆ. ಹುಡುಗಿಯೊಬ್ಬಳು ಯಾವ ಕಾಲೇಜಿಗೆ ಹೋದರೂ, ಯಾವ ಬಸ್ಸು ಹತ್ತಿದರೂ ಮನೆಯವರು ನೆಮ್ಮದಿಯಿಂದ ನಿದ್ರಿಸುವ ದಿನವದು. ಕಾಂಪೌಂಡು ಇರುವುದು ಒಳಗಿನವರು ಬಲವಾಗಿ ಹೊರಗೆ ಬರಲೆಂದು. ಹೊರಗಿನ ಹಾದಿಯನ್ನು ಸರಿಪಡಿಸುವ ಕೆಲಸ ಕಾಲೇಜಿನದಲ್ಲ, ಊರಿನದು, ಊರೆಂದರೆ ನಾವು.

ಆದ್ದರಿಂದ ನಮ್ಮ ಸಂಘದ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಹೆಚ್ಚು ಅಂಕ ಪಡೆದ ಮಕ್ಕಳಿಗೆ ವೇದಿಕೆಯಲ್ಲಿ ಶಾಲು ಹೊದಿಸುವುದು ಸಂತೋಷದ ಸಂಗತಿ. ಅದರ ಜೊತೆಗೆ, ಅಂಚೆಟ್ಟಿಯ ಕಡೆಯದೋ ತಳಿಯ ಕಡೆಯದೋ ಒಂದು ಬಡ ಹೆಣ್ಣುಮಗುವಿನ ಮೂರು ವರ್ಷದ ವಿದ್ಯಾರ್ಥಿನಿಲಯದ ಖರ್ಚನ್ನು ಸಂಘ ವಹಿಸಿಕೊಳ್ಳಲಿ. ಅಂಕಗಳನ್ನು ಕೇಳದೆ ವಹಿಸಿಕೊಳ್ಳಲಿ. ಎರಡನೆಯದಾಗಿ, ಕನ್ನಡ ಮಾಧ್ಯಮದಿಂದ ಬಂದು ಮೊದಲ ವರ್ಷದಲ್ಲಿ ತಡವರಿಸುವ ಹುಡುಗಿಯರಿಗೆ ವಾರಕ್ಕೆರಡು ದಿನ ಕುಳಿತು ಕಲಿಸಲು ನಮ್ಮಲ್ಲಿರುವ ನಿವೃತ್ತ ಅಧ್ಯಾಪಕರು ಮುಂದಾಗಲಿ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಮೂರನೆಯದು ತೀರ ಚಿಕ್ಕದು. ಪ್ರತಿ ಸಲದಂತೆ ಈ ಸಂಚಿಕೆಯ ಕೊನೆಯ ಪುಟಗಳಲ್ಲಿಯೂ ಸದಸ್ಯರ ಪಟ್ಟಿ ಇರುತ್ತದೆ. ಅದರಲ್ಲಿ ಮನೆಯ ಯಜಮಾನರ ಹೆಸರು ಇರುತ್ತದೆ, ಪಕ್ಕದಲ್ಲಿ 'ಮತ್ತು ಕುಟುಂಬ' ಎಂದಿರುತ್ತದೆ. ಮುಂದಿನ ಸಮ್ಮೇಳನದ ಹೊತ್ತಿಗೆ ಆ 'ಮತ್ತು ಕುಟುಂಬ' ಎಂಬುದನ್ನು ಬಿಡಿಸಿ ಬರೆಯೋಣ. ಮನೆಯ ತಾಯಿಯ ಹೆಸರು, ಹೆಣ್ಣುಮಕ್ಕಳ ಹೆಸರು, ಅವರು ಏನು ಓದಿದ್ದಾರೆ, ಏನು ಓದುತ್ತಿದ್ದಾರೆ ಎಂಬುದೆಲ್ಲ ಅಚ್ಚಾಗಲಿ. ಹೆಸರು ಬರೆದಿದ್ದರೆ ತಾನೆ ಯಾರು ಬಂದಿಲ್ಲವೆಂದು ಕೇಳಬಹುದು.